ಎರಡು ಕಡೆ ಇದ್ದ ಸಾಹೇಬರು

ಒಂದೂರಿನ ಶಾಲೆಗೆ ಒಬ್ಬರೇ ಟೀಚರಮ್ಮ. ಒಬ್ಬರೇ ಎಂದರೆ, ಪಾಠ ಮಾಡುವವರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಆ ತಾಲ್ಲೂಕಿನ ಶಿಕ್ಷಣಾಧಿಕಾರಿ ಪುಟ್ಟಬಸಯ್ಯನವರು ಒಂದು ಹುಕುಂ ಹೊರಡಿಸಿದರು. "ಮೊಬೈಲಿನಲ್ಲಿ ಪಾಠ ಮಾಡುವುದು ಹೇಗೆಂದು ನಾನೇ ಆನ್‌ಲೈನಿನಲ್ಲಿ ನೇರವಾಗಿ ತರಬೇತಿ ಕೊಡುತ್ತೇನೆ. ದಿನಾ ಹತ್ತರಿಂದ ಒಂದರವರೆಗೆ ಯಾರೂ ಕ್ಯಾಮೆರಾ ಮುಂದಿನಿಂದ ಏಳಕೂಡದು. ಎದ್ದವರಿಗೆ ಎತ್ತಂಗಡಿ!" ಎತ್ತಂಗಡಿ ಎಂದರೆ ಬಸ್ಸೂ ಹೋಗದ ಊರಿಗೆ ವರ್ಗ.

ಟೀಚರು ಮೊಬೈಲನ್ನು ಬಿಸಿಯೂಟದ ಅಕ್ಕಿ ಡಬ್ಬಕ್ಕೆ ಒರಗಿಸಿ ಕೂತರು. ಮೂರನೇ ದಿನ ಹನ್ನೊಂದು ಗಂಟೆಗೆ ಶಾಲೆಯ ಮುಂದೆ ಜೀಪು ನಿಂತಿತು. ಇಳಿದವರು ಅದೇ ಪುಟ್ಟಬಸಯ್ಯನವರು. ಮಕ್ಕಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು.

"ಏನ್ರೀ ಇದು! ಪಾಠ ಬಿಟ್ಟು ಕೂತಿದ್ದೀರಿ? ಇವತ್ತೇ ಎತ್ತಂಗಡಿ!" ಎಂದು ಬಾಗಿಲಲ್ಲೇ ನಿಂತು ಗದರಿದರು.

ಎದ್ದರೂ ಎತ್ತಂಗಡಿ, ಕೂತರೂ ಎತ್ತಂಗಡಿ. ಟೀಚರು ಏಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಸಾರ್, ಸಾಹೇಬರು ಮಾತಾಡ್ತಿದ್ದಾರೆ."

"ಈ ತಾಲ್ಲೂಕಲ್ಲಿ ನನಗಿಂತ ದೊಡ್ಡ ಸಾಹೇಬ ಯಾವನ್ರೀ?"

ಟೀಚರು ಮೊಬೈಲನ್ನು ಅವರ ಕಡೆ ತಿರುಗಿಸಿದರು. ಅದರಲ್ಲಿ ಪುಟ್ಟಬಸಯ್ಯನವರೇ ಕುರ್ಚಿಯಲ್ಲಿ ಕೂತು, "ಈಗ ನಾನು ನನ್ನ ಕಚೇರಿಯಿಂದ ನೇರವಾಗಿ ಮಾತಾಡುತ್ತಿದ್ದೇನೆ" ಎನ್ನುತ್ತಿದ್ದರು.

ಬಾಗಿಲಲ್ಲಿದ್ದವರ ದನಿ ಇಳಿಯಿತು. "ಅದು... ಹೋದ ವಾರ ರೆಕಾರ್ಡ್ ಮಾಡಿಟ್ಟಿದ್ದು."

"ಹಾಗಾದ್ರೆ ನಂದೂ ಮೂರು ಗಂಟೆ ರೆಕಾರ್ಡ್ ಮಾಡ್ಕೊಳ್ಳಿ ಸಾರ್. ಸುಮ್ನೆ ಕೂತು ತಲೆ ಆಡಿಸ್ತೀನಿ. ನಾಳೆಯಿಂದ ನಿಮ್ಮ ವಿಡಿಯೋ ಮುಂದೆ ನನ್ನ ವಿಡಿಯೋ ಕೂತಿರಲಿ, ನಾನು ಮಕ್ಕಳ ಹತ್ರ ಇರ್ತೀನಿ."

ಅಷ್ಟರಲ್ಲಿ ಮೊಬೈಲಿನ ಸಾಹೇಬರು, "ಏನಾದರೂ ಪ್ರಶ್ನೆ ಇದ್ದರೆ ಈಗಲೇ ಕೇಳಿ" ಎಂದರು.

ಬಾಗಿಲಿನ ಸಾಹೇಬರು ಒಳಗೆ ಬಂದರು. ತಮ್ಮ ಕೈಯಾರೆ ಮೊಬೈಲಿನ ಸಾಹೇಬರನ್ನು ಆಫ್ ಮಾಡಿದರು.

"ಹೋಗಮ್ಮ, ಗಂಟೆ ಹೊಡಿ" ಎಂದರು.