ಟೇಲರ್ ಅಂಗಡಿಯ ಚಿನ್ನದ ರೂಪಾಯಿ

ಸವೆದು ನುಣ್ಣಗಾದ ಒಂದು ರೂಪಾಯಿಗೆ ಯಾರೋ ಪುಣ್ಯಾತ್ಮ ಚಿನ್ನದ ನೀರು ಹಾಕಿಸಿದ್ದ. ಟೇಲರ್ ಮಾಬುಸಾಬನ ಗಲ್ಲಾಪೆಟ್ಟಿಗೆಗೆ ಬಿದ್ದದ್ದೇ, "ಏ ಚಿಲ್ಲರೆಗಳಾ, ದೂರ ಸರೀರಿ, ನಾನು ಅಪ್ಪಟ ಚಿನ್ನ!" ಎಂದು ಅದರ ಜಂಭವೋ ಜಂಭ. ಬಿದ್ದ ಗುಂಡುಸೂಜಿ ಹೆಕ್ಕುವ ಅಯಸ್ಕಾಂತವನ್ನೂ, "ನನ್ನನ್ನು ಮುಟ್ಟೀಯೆ, ಜೋಕೆ!" ಎಂದು ಗದರಿತು.

ಮಾಬುಸಾಬನೂ ನಂಬಿಬಿಟ್ಟ. "ಇದನ್ನ ಕರಗಿಸಿ ಮಗಳಿಗೆ ಓಲೆ ಮಾಡಸ್ತೀನಿ" ಎಂದು ಅದನ್ನು ಕೈಲಿ ಹಿಡಿದು ಅಕ್ಕಸಾಲಿಯ ಕಡೆ ಹೊರಡಲು ಎದ್ದ.

ಕರಗಿಸುವ ಮಾತು ಕೇಳಿದ್ದೇ ರೂಪಾಯಿ ಕಿರುಚಿತು. "ಅಯಸ್ಕಾಂತಣ್ಣಾ, ನಾನು ಬರೀ ಉಕ್ಕು! ಕಾಪಾಡು!"

ಹೊರಡುವ ಮುನ್ನ ಮೇಜಿನ ಮೇಲಿನ ಕತ್ತರಿ ಎತ್ತಿಡಲು ಮಾಬುಸಾಬ ಬಗ್ಗಿದ. ಪಕ್ಕದಲ್ಲೇ ಇದ್ದ ಅಯಸ್ಕಾಂತಕ್ಕೆ ರೂಪಾಯಿ ಅವನ ಕೈಯಿಂದ ಹಾರಿ ಟಕ್ಕೆಂದು ಅಂಟಿಕೊಂಡಿತು.

"ಮುಟ್ಟಬೇಡ ಅಂದಿದ್ರಲ್ಲ, ದೊರೆಗಳೇ?"

"ಬಿಡಬೇಡಣ್ಣಾ, ಗಟ್ಟಿಯಾಗಿ ಹಿಡಕೋ!"

"ಥೂ, ಇದು ಬರೇ ರೂಪಾಯಿ!" ಎಂದ ಮಾಬುಸಾಬ. ಬೈಗುಳ ಅಷ್ಟು ಸಿಹಿಯಾಗಿ ಕೇಳಿಸಿದ್ದು ಅದಕ್ಕೆ ಅದೇ ಮೊದಲು.