ಸೆರೆಯಾಳುಗಳ ವಿಭಾಗದಲ್ಲಿ ಮುದ್ದವ್ವ

“ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈಹಿಡಿಯುವ ಭಾಗ್ಯ ಮತ್ತು ಅರಮನೆಯ ಡೈರೆಕ್ಟರಿಯ ಅಧಿಕಾರ. ತಪ್ಪಿದವನಿಗೆ ಸೆರೆ, ಸಂಜೆಗೆ ತಲೆದಂಡ!” ಎಂದು ಊರೆಲ್ಲ ಡಂಗುರ ಸಾರಿದರು.

ಡೈರೆಕ್ಟರಿ ಎಂದರೆ ಆ ಅರಮನೆಯ ಕಂಪ್ಯೂಟರ್ ಜಾಲದ ಹೆಸರುಪಟ್ಟಿ; ಅದರಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ವಿಭಾಗವಿತ್ತು. ಅದನ್ನು ನೋಡಿಯೇ ಬೀಗಗಳು ತೆರೆಯುತ್ತಿದ್ದವು. ಮಂತ್ರಿಗಳು ಮಾತ್ರ ಹೆಸರುಗಳನ್ನು ಕೈಗೆ ಸಿಕ್ಕಲ್ಲಿ ತುರುಕಿಟ್ಟಿದ್ದರು. ಪದ್ಮಲೆಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

“ನಮ್ಮಲ್ಲಿ ಇಬ್ಬರು ಬಸವಂತರು. ಒಬ್ಬ ಬಾಣಸಿಗ, ಒಬ್ಬ ದಳವಾಯಿ. ಹೆಸರು ಬದಲಿಸದೆ ಜಾಲವು ಅವರನ್ನು ಹೇಗೆ ಗುರುತಿಸುತ್ತದೆ?” ಎಂದು ಕೇಳಿದಳು.

“ಮೀಸೆ ನೋಡಿ,” ಎಂದ ಮೊದಲ ರಾಜಕುಮಾರ.

“ಜಾಲಕ್ಕೆ ಕಣ್ಣಿದೆಯೇನು! ಸೆರೆಗೆ ನಡೆಯಿರಿ. ಎರಡನೆಯದು: ಮನೆ ಒಂದೇ, ಅದನ್ನು ಬಿಟ್ಟು ಕದಲುವುದಿಲ್ಲ, ಆದರೂ ಹಲವು ಕೂಟಗಳಿಗೆ ಸೇರಿರುತ್ತದೆ. ಏನದು?”

“ಬೆಕ್ಕು,” ಎಂದ ಎರಡನೆಯವನು.

“ಬೆಕ್ಕು ಕದಲುವುದಿಲ್ಲವೇ? ದೇವರೇ! ಇವರನ್ನೂ ಕರೆದೊಯ್ಯಿರಿ.”

ಆಗ ಬುಟ್ಟಿ ಹೆಣೆಯುವ ಚೆನ್ನಿಗ ಮುಂದೆ ಬಂದ.

“ಮೂರನೆಯದನ್ನೂ ಕೇಳಿಕೋ,” ಎಂದಳು ಪದ್ಮಲೆ. “ಹೆಸರನ್ನು ಯಾರೂ ತಿದ್ದಲಿಲ್ಲ, ಬೀಗ ಬದಲಿಸಲಿಲ್ಲ. ನಿನ್ನೆ ತೆರೆದ ಬಾಗಿಲು ಇಂದು ತೆರೆಯದು. ಏಕೆ?”

“ಅಮ್ಮಣ್ಣೀ, ಅದು ಒಗಟಲ್ಲ, ನಮ್ಮಕ್ಕನ ಗೋಳು. ಸೆರೆಮನೆಗೆ ಊಟ ಒಯ್ಯುವ ಮುದ್ದವ್ವ ಅಂದರೆ ಅವಳೇ. ದಿನಾ ಅಲ್ಲಿಗೇ ಹೋಗುತ್ತಾಳಲ್ಲ ಅಂತ ಮಂತ್ರಿಗಳು ಇಂದು ಅವಳ ಹೆಸರನ್ನು ಸೆರೆಯಾಳುಗಳ ವಿಭಾಗಕ್ಕೆ ಸರಿಸಿದ್ದಾರೆ. ವಿಭಾಗಕ್ಕೆ ಕಟ್ಟಿದ ನಿಯಮ ಅದರೊಳಗಿನ ಎಲ್ಲರಿಗೂ ತಾಗುತ್ತದೆ. ಹೊರಬರಲು ಅವಳಿಗೆ ಬಾಗಿಲು ತೆರೆಯುತ್ತಿಲ್ಲ, ಒಳಗೇ ಸಿಕ್ಕಿಬಿದ್ದಿದ್ದಾಳೆ. ಸಂಜೆಗೆ ಅವಳ ತಲೆಯೂ...”

ಪದ್ಮಲೆ ಮಂತ್ರಿಯತ್ತ ತಿರುಗಿದಳು. “ನಿಜವೇ?”

“ಡೈರೆಕ್ಟರಿಯಲ್ಲಿ ಹಾಗೇ ಇದೆ, ರಾಜಕುಮಾರಿ.”

“ಇಟ್ಟವರು ನೀವೇ ಅಲ್ಲವೇ! ಚೆನ್ನಿಗ, ಉಳಿದೆರಡನ್ನು ಬೇಗ ಹೇಳು.”

“ಅಡುಗೆಮನೆಯ ಬಸವಂತ, ದಂಡಿನ ಬಸವಂತ. ಜಾಗ ಸೇರಿಸಿ ಕರೆದರೆ ಗೊಂದಲವಿಲ್ಲ. ಎರಡನೆಯದು ಡೈರೆಕ್ಟರಿಯಲ್ಲಿರುವ ಹೆಸರು. ನಮ್ಮಕ್ಕನ ಹೆಸರು ಇರಬೇಕಾದದ್ದು ಅಡುಗೆಮನೆಯ ವಿಭಾಗವೊಂದರಲ್ಲೇ. ಅಲ್ಲಿದ್ದುಕೊಂಡೇ ಭಜನೆಯ ಕೂಟಕ್ಕೂ ಸೂಲಗಿತ್ತಿಯರ ಕೂಟಕ್ಕೂ ಸೇರಬಹುದು.”

“ಮೂರೂ ಸರಿ. ಅಧಿಕಾರ ನಿನ್ನದು.”

ಚೆನ್ನಿಗ ಅಕ್ಕನ ಹೆಸರನ್ನು ಅಡುಗೆಮನೆಗೆ ಸರಿಸಿದ. ಸೆರೆಮನೆಯ ಬಾಗಿಲು ತಾನಾಗಿ ತೆರೆಯಿತು. ಮುದ್ದವ್ವ ಬುಟ್ಟಿ ಹಿಡಿದು ದುಮುಗುಟ್ಟುತ್ತ ಬಂದಳು.

“ಈಗ ಬಂತೇನೋ ನಿನಗೆ ನೆನಪು? ಒಳಗಿರೋ ಆ ಇಬ್ಬರು ಹುಡುಗರನ್ನೂ ಬಿಡಿಸು. ಅತ್ತೂ ಅತ್ತೂ ಒಂದು ತುತ್ತೂ ಮುಟ್ಟಿಲ್ಲ.”

ಚೆನ್ನಿಗ ಪದ್ಮಲೆಯ ಮುಖ ನೋಡಿದ.

“ಅತಿಥಿಗಳ ವಿಭಾಗಕ್ಕೆ ಹಾಕು,” ಎಂದು ಅವಳು ನಿಟ್ಟುಸಿರಿಟ್ಟಳು. “ಮದುವೆ ಊಟ ಮಾಡಿಕೊಂಡೇ ಹೋಗಲಿ.”