ಮೆಣಸಿನ ಗಿಡಕ್ಕೆ ಉಸಿರು ಬಡಿಸಿದ ಪಿಳ್ಳಪ್ಪ

ಬಯ್ಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗನಿದ್ದ, ಪಿಳ್ಳಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಅದೇ ಅವಳ ತಲೆನೋವು. ಗಂಡ ಹೋದ ಮೇಲೆ ಹಠ ಹಿಡಿದು ಹೊಲದಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಕಟ್ಟಿಸಿ, ಒಳಗೆ ದಪ್ಪ ಮೆಣಸಿನಕಾಯಿ ಹಾಕಿದ್ದಳು.

ಒಂದಿನ ನೋಡ್ತಾಳೆ, ಹೂವೆಲ್ಲ ಉದುರುತ್ತಿವೆ.

"ಒಳಗಿನ ಗಾಳಿ ಒಣಗಿದೆ ಕಣೋ ಪಿಳ್ಳಾ! ತೇವ ಇಲ್ಲದಿದ್ರೆ ಹೂ ನಿಲ್ಲಲ್ಲ. ಹೋಗಿ ನೀರು ಹೊಡಿ!"

ಹೋದ. ದೊಣ್ಣೆ ತಗೊಂಡ. ತೊಟ್ಟಿ ನೀರಿಗೆ ಹೊಡೆದ, ಹೊಡೆದ, ಸಾಯಂಕಾಲದವರೆಗೂ ಹೊಡೆದ.

"ಅಯ್ಯೋ ನನ್ನ ಕರ್ಮವೇ! ನೀರು ನಿನಗೇನು ಮಾಡಿತ್ತೋ? ಮಂಜಿನ ಹಾಗೆ ನೀರು ಚಿಮ್ಮೋ ಪೈಪಿದೆಯಲ್ಲ, ಅದನ್ನ ತಿರುಗಿಸಬೇಕು! ಸುತ್ತ ಪರದೆ ಇಳಿಸಬೇಕು!"

"ಮೊದಲೇ ಹೇಳಬಾರದಾ ಅಮ್ಮಾ!"

ಮಾರನೇ ದಿನ ಬಯ್ಯಮ್ಮ ಬಾಣಂತಿ ಮಗಳನ್ನು ನೋಡಿ ಬರೋಕೆ ಹೋದಳು. ಜಡಿಮಳೆ ಹಿಡೀತು. ಪಿಳ್ಳಪ್ಪ ಪೈಪು ತಿರುಗಿಸಿದ, ಪರದೆ ಇಳಿಸಿದ. ನಿಲ್ಲಿಸು ಅಂತ ಅವಳು ಹೇಳಿರಲಿಲ್ಲ, ಇವನು ನಿಲ್ಲಿಸಲಿಲ್ಲ. ನಾಲ್ಕನೇ ದಿನ ಅವಳು ಬಂದು ನೋಡಿದರೆ ಎಲೆ ಎಲೆಯೂ ತೊಟ್ಟಿಕ್ಕುತ್ತಿದೆ, ಮೇಲೆಲ್ಲ ಬೂದಿ ಬಣ್ಣದ ಬೂಷ್ಟು!

"ಕೊಂದೆಯಲ್ಲೋ! ತೇವ ಹೆಚ್ಚಾದ್ರೂ ಕೆಡುತ್ತೆ. ಗಾಳಿ ಆಡಬೇಕು. ಪರದೆ ತೆಗಿ!"

ತೆಗೆದ. ಹಗ್ಗ ಬಿಚ್ಚಿ, ನಾಲ್ಕೂ ಕಡೆಯ ಪರದೆ ತೆಗೆದು, ಮಡಿಸಿ, ಅಟ್ಟದ ಮೇಲಿಟ್ಟ.

"ತೆಗಿ ಅಂದ್ರೆ ಮೇಲಕ್ಕೆ ಸುತ್ತು ಅಂತ ಕಣೋ!"

ಬಯ್ಯಮ್ಮ ತಾನೇ ಪರದೆ ಕಟ್ಟಿದಳು. ಬೂಷ್ಟು ಹಿಡಿದ ಎಲೆ ಒಂದೊಂದಾಗಿ ಕಿತ್ತಳು. ಕೀಳುತ್ತಾ ಒಂದಿಷ್ಟು ಅತ್ತಳು. ಗಿಡಗಳೇನೋ ಉಳಿದವು.

ಆಮೇಲೆ ತೋಟಗಾರಿಕೆ ಇಲಾಖೆಯ ಸಾಹೇಬರು ಬಂದರು. "ಬಿಸಿಲೇರಿದಾಗ ಮುಚ್ಚಿದ ಮನೇಲಿ ಇಂಗಾಲದ ಡೈಆಕ್ಸೈಡು ಕಮ್ಮಿಯಾಗುತ್ತೆ ಬಯ್ಯಮ್ಮ, ಗಿಡ ಹಸಿದು ಕೂರುತ್ತೆ. ನಾವು ಬಿಡೋ ಉಸಿರಲ್ಲಿರೋದೂ ಅದೇ, ಗಿಡಕ್ಕೆ ಅದೇ ಊಟ. ಬೆಳಗ್ಗೆ ಪರದೆ ಒಂದಿಷ್ಟು ಎತ್ತಿ, ಹೊರಗಿನ ಗಾಳಿ ಬರಲಿ. ಮುಂದಿನ ತಿಂಗಳು ಬರ್ತೀನಿ. ಗಿಡ ಚೆನ್ನಾಗಿದ್ರೆ, ಸುತ್ತಲ ಊರಿನವರಿಗೆ ನೀವೇ ಕಲಿಸೋರು!"

ಬಯ್ಯಮ್ಮ ಹಿಗ್ಗಿದಳು. ಪಿಳ್ಳಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು: ಉಸಿರೇ ಊಟ. ಮೊದಲನೇ ಗಿಡಕ್ಕೆ ಉಫ್! ಎರಡನೇ ಗಿಡಕ್ಕೆ ಉಫ್! ನಲವತ್ತನೇ ಗಿಡದ ಹತ್ತಿರ ತಲೆ ತಿರುಗಿ ಬಿದ್ದ.

ಬಯ್ಯಮ್ಮ ಮುಖಕ್ಕೆ ನೀರು ಚಿಮುಕಿಸಿದಳು. "ನೀನು ಇನ್ನೇನೂ ಮಾಡಬೇಡ ಕಣಪ್ಪಾ! ಸಾಹೇಬರು ಬಂದಾಗ, ಆ ಬೂಷ್ಟಿನ ವಿಷಯ ಮಾತ್ರ ಉಸಿರು ಬಿಡಬೇಡ!"

"ಬಿಡಲ್ಲಮ್ಮಾ!"

ಸಾಹೇಬರು ಬಂದರು. ಗಿಡದ ತುಂಬ ಕಾಯಿ! ಬಯ್ಯಮ್ಮನ ಹೆಸರು ಬರೆಯೋಣ ಅಂತ ಪೆನ್ನು ತೆಗೆದರು. ನೋಡ್ತಾರೆ, ಪಿಳ್ಳಪ್ಪ ಕೆನ್ನೆ ಉಬ್ಬಿಸಿ, ಕಣ್ಣು ಬಿಟ್ಟುಕೊಂಡು ನಿಂತಿದ್ದಾನೆ. ಹೊರಗೆ ಓಡಿದ, ಉಸ್ಸಂದ, ಒಳಗೆ ಬಂದ. ಮತ್ತೆ ಓಡಿದ, ಉಸ್ಸಂದ, ಬಂದ. ಮತ್ತೆ ಓಡಿದ.

"ಏನಯ್ಯಾ ಇದು?"

ಪಿಳ್ಳಪ್ಪ ಹೊರಗಿನಿಂದಲೇ ಕೂಗಿದ: "ಒಳಗೆ ಉಸಿರು ಬಿಡೋ ಹಾಗಿಲ್ಲ ಸಾರ್! ಗಿಡಕ್ಕೆಲ್ಲ ಬೂಷ್ಟು ಬಂದಿತ್ತಲ್ಲ, ಅದಕ್ಕೇ ಬೇಡ ಅಂದವಳೆ ಅಮ್ಮ!"

ಸಾಹೇಬರು ಪೆನ್ನನ್ನು ಮತ್ತೆ ಜೇಬಿಗಿಟ್ಟುಕೊಂಡರು.